ಈರಪ್ಪ ಕೆಡಿಸದ ಪ್ರಿಂಟರು

ನಮ್ಮ ಕಚೇರಿಯ ಪ್ರಿಂಟರು ಕೆಡುತ್ತಿದ್ದದ್ದು ಈರಪ್ಪನವರಿಂದ ಅಲ್ಲ, ನನ್ನಿಂದ. ಕೈಯಿಂದ ಮುರಿದೆ ಅಂತಲ್ಲ. ಸರಿ ಮಾಡಲು ಗೊತ್ತಿತ್ತು, ಮಾಡದೆ ಬಿಟ್ಟೆ — ತಿಂಗಳುಗಟ್ಟಲೆ, ಬೇಕೆಂದೇ ಬಿಟ್ಟೆ. ಆ ತಪ್ಪು ಈರಪ್ಪನವರ ತಲೆಗೆ ಬಂದ ದಿನ ನಾನು ಎದುರಿಗೇ ನಿಂತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೂ ಅರ್ಧ ಪಾಪ ಕಡಿಮೆಯಾಗುತ್ತಿತ್ತೋ ಏನೋ, ಆದರೆ ನಾನು ಒಂದು ಮಾತು ಸೇರಿಸಿದೆ. ಆ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಇಷ್ಟು ವರ್ಷ ಅದನ್ನು ಹಿಡಿದುಕೊಂಡು ಬದುಕಿದೆ.

ನಾನು ವಸಂತಿ. ಮುಂಬಯಿ ಫೋರ್ಟಿನ ಹಳೆಯ ಬಿಲ್ಡಿಂಗೊಂದರ ಮೂರನೇ ಮಾಳಿಗೆಯಲ್ಲಿರುವ ವಕೀಲರ ಕಚೇರಿಗೆ ಟೈಪಿಸ್ಟಾಗಿ ಸೇರಿದವಳು, ಈಗ ಅಲ್ಲಿನ ಕಂಪ್ಯೂಟರುಗಳ ಉಸ್ತುವಾರಿಯೆಲ್ಲ ನನ್ನದೇ. ನನಗೆ ಸೊಕ್ಕು ಎಂದು ಮನೆಯಲ್ಲಿ ಅತ್ತೆ ಹೇಳುತ್ತಾರೆ, ಕಚೇರಿಯಲ್ಲಿ ಎಲ್ಲರೂ ಹೇಳುತ್ತಾರೆ, ಇರುವುದನ್ನೇ ಹೇಳುತ್ತಾರೆ. ಅಪ್ಪ ಸಾಂತಾಕ್ರೂಜಿನ ಉಡುಪಿ ಹೋಟೆಲಿನ ಕೌಂಟರಿನಲ್ಲಿ ಕುಳಿತು ನಮ್ಮನ್ನು ಸಾಕಿದವರು. ಕಂಪ್ಯೂಟರಿನ ಕ್ಲಾಸಿಗೆ ನಾನು ಹೋದವಳಲ್ಲ. ಬಿಚ್ಚಿ, ನೋಡಿ, ತಪ್ಪು ಮಾಡಿ, ಬೈಸಿಕೊಂಡು ಕಲಿತೆ. ಕಲಿತದ್ದರ ಬಗ್ಗೆ ನನಗೆ ಹೆಮ್ಮೆಯಿದೆ, ಈಗಲೂ ಇದೆ. ತಪ್ಪೊಪ್ಪಿಗೆ ಬರೆಯಲು ಕುಳಿತವಳು ತಲೆ ತಗ್ಗಿಸಿಯೇ ಬರೆಯಬೇಕು ಎಂದು ಯಾರಾದರೂ ಬಯಸಿದರೆ — ನನಗೆ ಅದು ಬರುವುದಿಲ್ಲ.

ಈರಪ್ಪ ನಮ್ಮ ಕಚೇರಿಯ ಸಿಪಾಯಿ, ಅಂದರೆ ಜವಾನ. ಮುದ್ದೇಬಿಹಾಳದ ಕಡೆಯವರು. ಎಲ್ಲರೂ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಇಲ್ಲಿ ಹಾಗೆ ಬರೆಯಲು ಕೈ ಬರುವುದಿಲ್ಲ. ಇಸ್ತ್ರಿ ಇಲ್ಲದ ಅಂಗಿಯಲ್ಲಿ ಅವರನ್ನು ಕಂಡವರಿಲ್ಲ. ಮೀಸೆಗೆ ಎಣ್ಣೆ, ಸೊಂಟಕ್ಕೆ ಕೆಂಪು ದಾರ, ಆ ದಾರದಲ್ಲಿ ಕಚೇರಿಯ ಕೀಲಿಗೊಂಚಲು. ಹಿಂದೊಮ್ಮೆ ಕೆಳಗಿನ ಮಾಳಿಗೆಯಲ್ಲಿ ವೈರು ಸುಟ್ಟು ಬೆಂಕಿ ಹತ್ತಿದಾಗ, ಎಲ್ಲರೂ ಮೆಟ್ಟಿಲು ಇಳಿದು ಓಡಿದರೆ ಇವರು ಮಾತ್ರ ಒಳಗೆ ಹೋಗಿ ಕೋಲಿನಿಂದ ನಮ್ಮ ಮೇನ್ ಸ್ವಿಚ್ಚು ಕೆಡವಿ ಬಂದಿದ್ದರಂತೆ. ಅವತ್ತೇ ದೊಡ್ಡ ಸಾಹೇಬರು — ಕಚೇರಿಯ ಯಜಮಾನರಾದ ಹಿರಿಯ ವಕೀಲರನ್ನು ನಾವು ಹಾಗೆ ಕರೆಯುವುದು — ಕೀಲಿಗಳನ್ನು ಇವರ ಕೈಗೆ ಕೊಟ್ಟರು. ಅಂದಿನಿಂದ ಬೆಳಿಗ್ಗೆ ಬಾಗಿಲು ತೆರೆಯುವವರು ಇವರೇ. ಸಂಜೆ ಎಲ್ಲರೂ ಹೋದ ಮೇಲೆ ಮೇನ್ ಸ್ವಿಚ್ಚು ಕೆಳಗಿಳಿಸಿ, ಸ್ವಿಚ್ಚಿನ ಮರದ ಹಲಗೆಗೆ ಕೈಮುಗಿದು, ಬೀಗ ಹಾಕುವವರೂ ಇವರೇ. ಊರಿನವರು ಬಂದರೆ ಕೀಲಿ ತೋರಿಸಿ, “ಇಡೀ ಆಫೀಸು ನನ್ನ ನಡಕ್ಕ ಐತಿ” ಎನ್ನುತ್ತಿದ್ದರು. ಅದು ಬರೀ ಜಂಬವಲ್ಲ, ನಿಜವೂ ಆಗಿತ್ತು.

ಮೊದಲು ಒಬ್ಬೊಬ್ಬರ ಮೇಜಿನ ಮೇಲೂ ಒಂದೊಂದು ಪುಟ್ಟ ಪ್ರಿಂಟರು ಇತ್ತು. ಸಾಹೇಬರು ಅವನ್ನೆಲ್ಲ ತೆಗೆಸಿ, ಎಲ್ಲ ಕಂಪ್ಯೂಟರುಗಳಿಗೂ ಸೇರಿ ಒಂದೇ ದೊಡ್ಡ ನೆಟ್‌ವರ್ಕ್ ಪ್ರಿಂಟರು ತರಿಸಿದರು. ಅದನ್ನು ಕೂರಿಸಬೇಕಿದ್ದ ಇಂಜಿನಿಯರು ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂದು ಆಟ ಆಡಿಸುತ್ತಿದ್ದ. ನನಗೆ ರೇಗಿತು. ನಾನೇ ಡಬ್ಬ ಬಿಚ್ಚಿದೆ. ಪ್ರಿಂಟರಿನಿಂದ ರೂಟರಿಗೆ ಕೇಬಲ್ಲು ಎಳೆದೆ, ಒಂದೊಂದೇ ಕಂಪ್ಯೂಟರಿನಲ್ಲಿ ಡ್ರೈವರು ಹಾಕಿದೆ, ಪ್ರಿಂಟರಿನ ವಿಳಾಸ ಕೊಟ್ಟೆ. ಕೋರ್ಟಿಗೆ ಕೊಡುವ ಅರ್ಜಿಗಳನ್ನು ಆಗ ಹಸಿರು ಕಾಗದದ ಮೇಲೆ ಅಚ್ಚು ಹಾಕುತ್ತಿದ್ದೆವು. ಮೊದಲ ಹಸಿರು ಹಾಳೆ ಬೆಚ್ಚಗೆ ಹೊರಗೆ ಬಂದಾಗ ಈರಪ್ಪನವರೇ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. “ನಮ್ಮ ಬಾಯಾರು ಮಾಡಿದ್ರು, ನೋಡ್ರಿ,” ಎಂದರು. ಅವರ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಮುಂಬಯಿಯ ಆ ಕಚೇರಿಯಲ್ಲಿ ಕನ್ನಡದವರು ನಾವಿಬ್ಬರೇ. ಆ ‘ನಮ್ಮ’ ಎನ್ನುವ ಮಾತಿನಲ್ಲಿ ಎಷ್ಟಿತ್ತು ಎಂದು ನನಗೆ ಆಗ —

ಇರಲಿ. ಮುಂದಿನ ವಾರ ಒಂದು ಬೆಳಿಗ್ಗೆ ಎಲ್ಲ ಕಂಪ್ಯೂಟರುಗಳೂ ‘ಪ್ರಿಂಟರ್ ಆಫ್‌ಲೈನ್’ ಎಂದವು. ಪ್ರಿಂಟರು ಮಾತ್ರ ಹಸಿರು ದೀಪ ಹಚ್ಚಿಕೊಂಡು ಆರಾಮಾಗಿ ಕುಳಿತಿತ್ತು. ಯಾಕೆಂದು ಹುಡುಕಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಅಪ್ಪನ ಹೋಟೆಲಿನಲ್ಲಿ ಕೌಂಟರಿನ ಟೋಕನ್ನು ಕೊಡುತ್ತಿದ್ದರಲ್ಲ, ಹಾಗೆಯೇ ಇದು. ಕಚೇರಿಯ ಪ್ರತಿಯೊಂದು ಯಂತ್ರಕ್ಕೂ ರೂಟರು ಒಂದು ನಂಬರು ಹಂಚುತ್ತದೆ, ಅದೇ ಅದರ ವಿಳಾಸ. ಸಂಜೆ ಮೇನ್ ಸ್ವಿಚ್ಚು ಇಳಿಸಿದರೆ ನಮ್ಮ ಆ ಅಗ್ಗದ ರೂಟರು ಹಿಂದಿನ ದಿನದ್ದನ್ನೆಲ್ಲ ಮರೆತುಬಿಡುತ್ತಿತ್ತು. ಬೆಳಿಗ್ಗೆ ಮೊದಲು ಎದ್ದವರಿಗೆ ಮೊದಲ ನಂಬರು. ಪ್ರಿಂಟರು ಏಳುವುದು ನಿಧಾನ. ಅಷ್ಟರಲ್ಲಿ ಯಾರದೋ ಮೊಬೈಲು ಅದರ ನಂಬರನ್ನು ಹಾರಿಸಿಕೊಂಡು ಹೋದರೆ, ಅದಕ್ಕೆ ಬೇರೆಯದು ಸಿಗುತ್ತಿತ್ತು. ಕಂಪ್ಯೂಟರುಗಳೆಲ್ಲ ಹಳೆಯ ನಂಬರಿಗೇ ಕೂಗುತ್ತ ಕೂರುತ್ತಿದ್ದವು.

ಇದಕ್ಕೆ ಮದ್ದು ಬಹಳ ಸುಲಭ. ಪ್ರಿಂಟರಿನ ಪುಟ್ಟ ಪರದೆಯಲ್ಲಿ, ರೂಟರು ಬೇರೆ ಯಾರಿಗೂ ಹಂಚದ ಒಂದು ನಂಬರನ್ನು ಖಾಯಂ ಮಾಡಿಬಿಟ್ಟರೆ ಮುಗಿಯಿತು; ಆಮೇಲೆ ಮೇನ್ ಸ್ವಿಚ್ಚು ಎಷ್ಟು ಸಲ ಇಳಿಸಿದರೂ ಅದು ತನ್ನ ಜಾಗ ಬಿಡುವುದಿಲ್ಲ. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ನನಗದು ಗೊತ್ತಿತ್ತು. ಅವತ್ತೇ ಗೊತ್ತಿತ್ತು.

ಮಾಡಲಿಲ್ಲ. ಯಾಕೆಂದರೆ — ಇದನ್ನು ಬರೆಯಲು ನನಗೆ ಕಷ್ಟ — ಆ ಬೆಳಿಗ್ಗೆ ನಾನು ಹೊಸ ನಂಬರು ಹಾಕುತ್ತ ಕಚೇರಿಯ ದೊಡ್ಡ ಹಾಲಿನಲ್ಲಿ ಓಡಾಡುವಾಗ, ಕರಿಕೋಟಿನ ವಕೀಲರು ಒಬ್ಬೊಬ್ಬರಾಗಿ ಎದ್ದು ನನಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು. “ಪ್ಲೀಸ್, ವಸಂತಿ ಜೀ, ಪೆಹಲೇ ಮೇರಾ.” ಮೊದಲು ನನ್ನದು ಎಂದು. ಅದುವರೆಗೆ ಅವರ ಬಾಯಲ್ಲಿ ನಾನು ‘ಟೈಪಿಸ್ಟ್’. ಹೆಸರು ಹಿಡಿದೂ ಕರೆಯದವರು ‘ಜೀ’ ಹಚ್ಚಿದರು. ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಇನ್ನೊಂದು ಸಲ ಕೆಡಲಿ ನೋಡೋಣ ಎಂದುಕೊಂಡೆ. ಕೆಟ್ಟಿತು. ಮತ್ತೆ ಕುರ್ಚಿ ಬಿಟ್ಟರು. ಹೀಗೆ ಅದೊಂದು ಚಟವಾಯಿತು. ಈರಪ್ಪನವರು ಪಕ್ಕದಲ್ಲಿ ನಿಂತು, “ನೀವು ಕೈ ಇಟ್ರ ಆತು ನೋಡ್ರಿ ಬಾಯಾರ” ಎಂದು ಹಿಗ್ಗುತ್ತಿದ್ದರು. ನನ್ನ ಹೆಚ್ಚುಗಾರಿಕೆಗೆ ಇಡೀ ಕಚೇರಿಯಲ್ಲಿ ಮನಸಾರೆ ಸಂತೋಷಪಟ್ಟ ಒಬ್ಬರೇ ಮನುಷ್ಯ ಅವರು.

ಆಮೇಲೆ ಆ ದಿನ ಬಂತು. ಬೆಳಿಗ್ಗೆಯೇ ಕೋರ್ಟಿನಲ್ಲಿ ಸಲ್ಲಿಸಬೇಕಾದ ಒಂದು ಅರ್ಜಿ ಇತ್ತು. ನನ್ನ ಲೋಕಲ್ ರೈಲು ದಾರಿಯಲ್ಲಿ ಸುಮ್ಮನೆ ನಿಂತುಬಿಟ್ಟಿತು. ಕಚೇರಿಯಲ್ಲಿ ಪ್ರಿಂಟರು ಆಫ್‌ಲೈನ್. ಜೂನಿಯರ್ ವಕೀಲರು ಪೆನ್‌ಡ್ರೈವ್ ಹಿಡಿದು ಝೆರಾಕ್ಸ್ ಅಂಗಡಿ ಹುಡುಕಿಕೊಂಡು ಓಡಿದರು. ಅರ್ಜಿ ತಡವಾಯಿತು, ಕಕ್ಷಿದಾರ ಕೋರ್ಟಿನ ವರಾಂಡದಲ್ಲೇ ಸಾಹೇಬರ ಮೇಲೆ ಕೂಗಾಡಿದ. ಅವರು ಕಚೇರಿಗೆ ಬಂದಾಗ ನಾನು ಆಗಲೇ ಎಲ್ಲವನ್ನೂ ಸರಿಮಾಡಿ ಮುಗಿಸಿದ್ದೆ. ಎಲ್ಲರನ್ನೂ ಹಾಲಿಗೆ ಕರೆದರು. ಪದೇ ಪದೇ ಯಾಕೆ ಹೀಗಾಗುತ್ತದೆ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಾರೋ, ರಾತ್ರಿ ಮೇನ್ ಬಂದ್ ಮಾಡುತ್ತಾರಲ್ಲ, ಅದಕ್ಕಿರಬಹುದು ಎಂದರು. ಮೇನ್ ಇಳಿಸುವುದಕ್ಕೇ ಹೀಗಾಗುವುದೇ ಎಂದು ಸಾಹೇಬರು ನನ್ನ ಮುಖ ನೋಡಿದರು. “ಮೇನ್ ಆಫ್ ಕರನೇ ಸೇ ಹೋತಾ ಹೈ?”

ಈರಪ್ಪನವರು ಬಾಗಿಲ ಬಳಿ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು, ಭರವಸೆಯಿಂದ. ನಾನಿದ್ದೇನಲ್ಲ ಎನ್ನುವ ಭರವಸೆ ಅದು.

“ಹಾಂ ಸರ್,” ಎಂದೆ. “ಮೇನ್ ಆಫ್ ಕರನೇ ಸೇ ಹೀ ಹೋತಾ ಹೈ.”

ಅದರಿಂದಲೇ ಆಗುತ್ತದೆ ಎಂದದ್ದು ನಿಜವೇ ತಾನೆ. ಅರ್ಧ ನಿಜ. ಉಳಿದರ್ಧವನ್ನು ಹೇಳಿದ್ದರೆ, ಹಾಗಾದರೆ ಇಷ್ಟು ದಿನ ಯಾಕೆ ಸರಿಮಾಡಲಿಲ್ಲ ಎಂದು ಕೇಳುತ್ತಿದ್ದರು. ಕೇಳಿದ್ದರೆ ನನ್ನ ಹತ್ತಿರ — ಉತ್ತರ ಇತ್ತು, ಹೇಳುವಂಥದ್ದಾಗಿರಲಿಲ್ಲ.

“ಸಾಹೇಬ್, ಆಗ್ ಲಗೀ ತೋ?” ಎಂದು ಈರಪ್ಪನವರು ಕೇಳಿದರು. ಬೆಂಕಿ ಹತ್ತಿದರೆ? ಸಿಟ್ಟಿನಲ್ಲಿದ್ದ ಸಾಹೇಬರಿಗೆ ಅದು ಎದುರುಮಾತಾಗಿ ಕೇಳಿಸಿತು. ನಾಳೆಯಿಂದ ಕೀಲಿ ವಸಂತಿಯ ಹತ್ತಿರ ಇರಲಿ, ನೀನು ಕೋರ್ಟಿಗೆ ಫೈಲು ಹೊರು ಎಂದುಬಿಟ್ಟರು. ಎಲ್ಲರ ಎದುರಿಗೆ. ಈರಪ್ಪನವರು ಸೊಂಟದ ಕೆಂಪು ದಾರ ಬಿಚ್ಚಿದರು. ಗಂಟು ಬಿಗಿದಿತ್ತು, ಬಿಚ್ಚಲು ತುಸು ಹೊತ್ತು ಹಿಡಿಯಿತು. ಕೀಲಿಗಳನ್ನು ನನ್ನ ಕೈಗೆ ಕೊಡಲಿಲ್ಲ. ಪ್ರಿಂಟರಿನ ಮೇಲಿಟ್ಟು, ದಾರವನ್ನು ಮಾತ್ರ ಜೇಬಿಗೆ ಹಾಕಿಕೊಂಡು ಹೋದರು.

ಅಂದು ಸಂಜೆ ನಾನೊಬ್ಬಳೇ ಉಳಿದು ಏನು ಮಾಡಿದೆ ಗೊತ್ತೇ? ಪ್ರಿಂಟರಿಗೆ ಖಾಯಂ ನಂಬರು ಹಾಕಿ, ಎಲ್ಲ ಕಂಪ್ಯೂಟರುಗಳಿಗೂ ಅದನ್ನೇ ಕೊಟ್ಟೆ. ಇನ್ನು ಮೇಲೆ ಬಾಗಿಲು ತೆರೆಯುವವಳು ನಾನು, ಕೆಟ್ಟರೆ ನನ್ನ ತಲೆಗೇ ಬರುತ್ತದಲ್ಲ. ಆಮೇಲೆ ಮೇನ್ ಸ್ವಿಚ್ಚು ಇಳಿಸಿದೆ — ಬೆಂಕಿಯ ಹೆದರಿಕೆ ನನಗೂ ಇತ್ತು. ಬೆಳಿಗ್ಗೆ ಪ್ರಿಂಟರು ನಡೆಯಿತು. ಮರುದಿನವೂ ನಡೆಯಿತು. ನೋಡಿದಿರಾ, ಆ ಈರಪ್ಪನದೇ ಕಿತಾಪತಿ ಎಂದರು ಜನ. ಸಾಹೇಬರು ನನ್ನನ್ನು ಕರೆದು ಶಾಭಾಸ್ ಎಂದರು. ದಿನವೂ ಮೇನ್ ಇಳಿಯುತ್ತಿತ್ತು, ದಿನವೂ ಪ್ರಿಂಟರು ನಡೆಯುತ್ತಿತ್ತು. ಈರಪ್ಪ ನಿರಪರಾಧಿ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ವಕೀಲರೇ ತುಂಬಿದ ಕಚೇರಿಯಲ್ಲಿ ಒಬ್ಬರೂ ಗಮನಿಸಲಿಲ್ಲ.

ಗಮನಿಸಿದವರು ಅವರೊಬ್ಬರೇ. ಒಂದು ಸಂಜೆ ಕೋರ್ಟಿನಿಂದ ಫೈಲು ಹೊತ್ತು ತಡವಾಗಿ ಬಂದರು. ನನ್ನ ಕೈ ಮೇನ್ ಸ್ವಿಚ್ಚಿನ ಮೇಲಿತ್ತು.

“ಮೇನ್ ಬಂದ್ ಮಾಡಾಕತ್ತೀರೇನ್ರಿ ಬಾಯಾರ?”

“ಹೌದು.”

“ದಿನಾ ಮಾಡ್ತೀರಿ?”

“ಹೌದು.”

“ಮತ್ತ ಪ್ರಿಂಟರು?”

ನಾನು ಸ್ವಿಚ್ಚಿನ ಮೇಲಿನ ಕೈ ತೆಗೆದೆ. ಅವರು ಫೈಲುಗಳನ್ನು ಮೇಜಿನ ಮೇಲೆ ಅಂಚು ಕೂಡಿಸಿ ಇಟ್ಟರು, ಹಲಗೆಗೆ ಎಂದಿನಂತೆ ಕೈಮುಗಿದರು, ಇಳಿದು ಹೋದರು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಪವಾಯಿಯ ಯಾವುದೋ ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದಾರೆ ಎಂದು, ಅವರು ಕನ್ನಡ ಪೇಪರು ಓದಲು ಹೋಗುತ್ತಿದ್ದ ಕೆಳಗಿನ ಹೋಟೆಲಿನವರು ಹೇಳಿದರು. ನನಗೆ ಆಗ ನೆಮ್ಮದಿಯೇ ಆಯಿತು. ಇದನ್ನೂ ಹೇಳಬೇಕಲ್ಲ.

ಅವರು ಹೋದರು, ಹೆಸರು ಉಳಿಯಿತು. ಯಾವ ಯಂತ್ರ ಕೆಟ್ಟರೂ, ಲಿಫ್ಟು ನಿಂತರೂ, ನಮ್ಮ ಕಚೇರಿಯಲ್ಲಿ “ಈರಪ್ಪ ಹೋ ಗಯಾ” ಎನ್ನತೊಡಗಿದರು — ಈರಪ್ಪ ಆಯಿತು, ಅಂದರೆ ಕೆಟ್ಟಿತು. ಮೊದಲ ಸಲ ಕೇಳಿದಾಗ ನಾನೂ ನಕ್ಕೆ. ಆಮೇಲೆ ನಗಲಿಲ್ಲ, ಆದರೆ ತಡೆಯಲೂ ಇಲ್ಲ. ಅವರನ್ನು ಕಂಡೇ ಇರದ ಹೊಸಬರು ಬಂದರು, ಅವರೂ ಕಲಿತರು. ನಾನು ಮೇಲೇರಿದೆ, ನನಗೊಂದು ಗಾಜಿನ ಕ್ಯಾಬಿನ್ನು ಸಿಕ್ಕಿತು.

ಈ ವರ್ಷ ಶ್ರೇಯಾ ಎಂಬ ಜೂನಿಯರ್ ವಕೀಲೆ ಸೇರಿದಳು. ಅವಳ ಮನೆಮಾತು ಕನ್ನಡ, ಹುಟ್ಟಿ ಬೆಳೆದದ್ದು ಇಲ್ಲಿಯೇ. ನನ್ನ ಹತ್ತಿರ ತಡವರಿಸಿಕೊಂಡಾದರೂ ಕನ್ನಡದಲ್ಲೇ ಮಾತಾಡುತ್ತಾಳೆ. ಒಂದು ಮಧ್ಯಾಹ್ನ ಕ್ಯಾಬಿನ್ನಿಗೆ ಬಂದು, “ಮ್ಯಾಮ್, ಸ್ಕ್ಯಾನರ್ ಈರಪ್ಪ ಆಗಿದೆ,” ಎಂದಳು. ಆಮೇಲೆ ನಿಂತು ಕೇಳಿದಳು: “ಮ್ಯಾಮ್, ಈ ಈರಪ್ಪ ಅಂದ್ರೆ... ಕನ್ನಡ ವರ್ಡ್ ಅಲ್ವಾ? ಖರಾಬ್ ಅಂತ ಮೀನಿಂಗಾ?”

“ಅದು ಒಬ್ಬರ ಹೆಸರು,” ಎಂದೆ.

ಆ ಭಾನುವಾರ, ಕೆಳಗಿನ ಹೋಟೆಲಿನವರಿಂದ ವಿಳಾಸ ಪಡೆದು ಪವಾಯಿಗೆ ಹೋದೆ. ಸೀರೆ ಉಟ್ಟು, ಮಿಠಾಯಿ ಹಿಡಿದು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ — ಏಕಾಂತದಲ್ಲಿ ಕ್ಷಮೆ ಕೇಳಿ ಭಾರ ಇಳಿಸಿಕೊಂಡು ಬರುವ ಲೆಕ್ಕಾಚಾರ. ದೊಡ್ಡ ಸೊಸೈಟಿಯ ಗೇಟಿನಲ್ಲಿ ಅವರೇ ನಿಂತಿದ್ದರು. ಮೀಸೆ ಬಿಳಿಯಾಗಿತ್ತು, ಅಂಗಿಯ ಇಸ್ತ್ರಿ ಹಾಗೆಯೇ ಇತ್ತು. ಸೊಂಟದಲ್ಲಿ ಕೆಂಪು ದಾರವಿತ್ತು, ಅದರಲ್ಲಿ ಬೇರೆ ಕೀಲಿಗಳು. ಕುರ್ಚಿ ಕೊಟ್ಟು ಕೂರಿಸಿದರು. ನಾನು ಎಲ್ಲ ಹೇಳಿದೆ — ನಂಬರು, ಕುರ್ಚಿ, ಚಟ, ಅವತ್ತಿನ ಸಂಜೆ, ಕಚೇರಿಯವರ ಆ ಮಾತನ್ನೂ. ಆ ಮಾತು ಕೇಳಿದಾಗ ಮಾತ್ರ ಅವರ ಮುಖ ಬಿಗಿಯಿತು.

“ನೀವು ಮೇನ್ ಮ್ಯಾಲ ಕೈ ಇಟ್ಟಿದ್ದ ದಿನಾನ ನನಗ ತಿಳೀತ್ರಿ,” ಎಂದರು.

“ಮತ್ತೆ ಯಾಕೆ ಹೇಳಲಿಲ್ಲ ಮಾರಾಯ್ರೆ?”

“ನೀವ ಹೇಳತೀರಿ ಅಂತ ತಿಂಗಳಾ ಕಾದೆ.”

ನಾನು ಮಿಠಾಯಿಯ ಡಬ್ಬ ಮುಂದೆ ಚಾಚಿದೆ. ಅವರು ಮುಟ್ಟಲಿಲ್ಲ. “ಬಾಯಾರ, ಕೀಲಿ ತಗೊಂಡಿದ್ದು ಎಲ್ಲಾರ ಮುಂದ. ಈಗ ಗೇಟಿನ್ಯಾಗ ಯಾರೂ ಇಲ್ಲದಾಗ ಹೇಳಿದ್ರ ಹ್ಯಾಂಗ್ರಿ? ಅಲ್ಲೇ ಹೇಳ್ರಿ. ನಾ ಬರತೀನಿ.”

ನಾಚಿಕೆ ಆಗಬೇಕಿತ್ತು, ಆಯಿತು. ಆದರೆ ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಇಷ್ಟು ವರ್ಷ ಗೇಟು ಕಾದ ಮೇಲೂ ಒಂದು ಡಬ್ಬ ಮಿಠಾಯಿಗೆ ತನ್ನ ಹೆಸರು ಬಿಟ್ಟುಕೊಡದ ಮನುಷ್ಯ. ‘ನಮ್ಮ ಬಾಯಾರು’ ಎಂದು ಅವತ್ತು ನನ್ನನ್ನು ಎತ್ತಿ ತೋರಿಸಿದವರು ಇವರು.

ಸಾಹೇಬರಿಗೆ ಹೇಳಿದೆ. ವಯಸ್ಸಾಗಿ ಅವರು ಈಗ ಶನಿವಾರ ಮಾತ್ರ ಬರುತ್ತಾರೆ. ಹಳೆಯದನ್ನು ಯಾಕೆ ಕೆದಕುವುದು, ನಿನ್ನ ಮರ್ಯಾದೆಯೇ ಹೋಗುತ್ತದೆ ಎಂದರು. ಹೋಗಲಿ ಸರ್, ನೀವೂ ಹಾಲಿನಲ್ಲಿ ನಿಲ್ಲಬೇಕು, ಕೀಲಿ ತೆಗೆದುಕೊಂಡವರು ನೀವು ಎಂದೆ. ಅವರು ಸರಿ ಎಂದರು.

ಈರಪ್ಪನವರು ಹೇಳಿದ ಹೊತ್ತಿಗೆ ಬಂದರು. ಎಲ್ಲರೂ ಹಾಲಿನಲ್ಲಿ ಸೇರಿದರು. ಇವರೇ ಈರಪ್ಪ ಎಂದಾಗ ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹಿಂದಿಯಲ್ಲಿ ಹೇಳಿದೆ, ಏನನ್ನೂ ಬಿಡದೆ ಹೇಳಿದೆ. ಹೇಳಿ ಮುಗಿಸಿ, ಮಾತು ಸಾಲದು, ಕಣ್ಣಾರೆ ನೋಡಿ ಎಂದೆ. ಎಲ್ಲ ಕಂಪ್ಯೂಟರುಗಳನ್ನೂ ಮುಚ್ಚಿಸಿ ಈರಪ್ಪನವರಿಗೆ ಮೇನ್ ಸ್ವಿಚ್ಚು ತೋರಿಸಿದೆ.

ಅವರು ಹೋಗಿ ಇಳಿಸಿದರು. ಫ್ಯಾನುಗಳು ನಿಂತವು, ಇಡೀ ಕಚೇರಿ ಮಬ್ಬಾಯಿತು, ಕೆಳಗಿನ ರಸ್ತೆಯ ಹಾರ್ನು ಒಳಗೆ ಕೇಳಿಸಿತು. ಅವರು ಹಲಗೆಗೆ ಕೈಮುಗಿದು, ತಡೆದು, ಮತ್ತೆ ಮೇಲೆತ್ತಿದರು. ಎಲ್ಲರ ಮೊಬೈಲುಗಳೂ ಮೊದಲು ರೂಟರಿಗೆ ಸೇರಿಕೊಳ್ಳಲಿ ಎಂದು ಬಿಟ್ಟು, ಪ್ರಿಂಟರನ್ನು ಬೇಕೆಂದೇ ಕೊನೆಗೆ ಹಚ್ಚಿಸಿದೆ. ಅದು ನರಳಿಕೊಂಡು ಎದ್ದಿತು. ಶ್ರೇಯಾ ತನ್ನ ಕಂಪ್ಯೂಟರು ಹಚ್ಚಿ ಪ್ರಿಂಟ್ ಒತ್ತಿದಳು. ಏನೂ ಆಗಲಿಲ್ಲ. ಇವತ್ತೊಂದು ದಿನ, ದೇವರೇ, ಇವರ ಎದುರಿಗೆ — ಅಷ್ಟರಲ್ಲಿ ಒಳಗೆ ಏನೋ ತಿರುಗಿತು, ಹಾಳೆ ಹೊರಗೆ ಬಂತು.

ಶ್ರೇಯಾ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಈರಪ್ಪನವರು ಹಾಳೆ ನೋಡಲಿಲ್ಲ, ಸಾಹೇಬರನ್ನು ನೋಡಿದರು. ಸಾಹೇಬರು ಎದ್ದು ಬಂದು, ಗಲತೀ ಹೋ ಗಯೀ, ತಪ್ಪಾಯಿತು ಎಂದು ಅವರ ಎರಡೂ ಕೈ ಹಿಡಿದರು. ಮತ್ತೆ ಕೆಲಸಕ್ಕೆ ಬಾ ಎಂದರು. “ನಹೀಂ ಸಾಹೇಬ್, ಉಧರ್ ಮೇರಾ ಗೇಟ್ ಹೈ,” ಎಂದರು ಈರಪ್ಪ. ಅಲ್ಲಿ ನನ್ನ ಗೇಟು ಇದೆ ಎಂದು. ಹೊರಡುವಾಗ ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ನನಗೆ ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಅವರು ಫೈಲು ಹೊತ್ತ ದಿನಗಳನ್ನೂ ಗೇಟು ಕಾದ ವರ್ಷಗಳನ್ನೂ ನಾನು ಯಾವ ನಂಬರು ಹಾಕಿ ಸರಿಮಾಡಲಿ?

ಒಂದನ್ನು ಮಾತ್ರ ಮಾಡಿದ್ದೇನೆ. ಅವರು ಮೆಟ್ಟಿಲಿಳಿದ ಮೇಲೆ ಎಲ್ಲರನ್ನೂ ನಿಲ್ಲಿಸಿ, ಇನ್ನು ಈ ಕಚೇರಿಯಲ್ಲಿ ಏನೇ ಕೆಟ್ಟರೂ ಆ ಹೆಸರು ಎತ್ತಬೇಡಿ, ಹೆಸರೇ ಬೇಕೆಂದರೆ ನನ್ನದು ಹೇಳಿ ಎಂದೆ. ತಮಾಷೆಗೆ ಹೇಳುತ್ತಿದ್ದೇನೆ ಎಂದುಕೊಂಡು ಕೆಲವರು ನಕ್ಕರು. ಕೆಲವು ದಿನ ಯಾರೂ ಏನೂ ಅನ್ನಲಿಲ್ಲ.

ಮೊನ್ನೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು. ಹಾಲಿನಿಂದ ಯಾರದೋ ದನಿ ನನ್ನ ಕ್ಯಾಬಿನ್ನಿನವರೆಗೂ ಬಂತು: “ಅರೇ ಯಾರ್, ಫಿರ್ ಸೇ ವಸಂತಿ ಹೋ ಗಯಾ.” ನಾನು ಎದ್ದು ಹೋದೆ, ಕಾಗದ ಬಿಡಿಸಿದೆ, ಯಾರನ್ನೂ ತಿದ್ದದೆ ವಾಪಸು ಬಂದು ಕುಳಿತೆ.